‘ರಾ’ ಬಾದಾಮಿ ನಿಜಕ್ಕೂ ಹಸಿಯಾ? ಕಡ್ಡಾಯ ಪಾಶ್ಚರೀಕರಣಕ್ಕೆ ಆಕ್ಷೇಪ ಸಲ್ಲಿಸುವುದು ಹೇಗೆ

ಅಮೆರಿಕದಲ್ಲಿರುವ ಕನ್ನಡದವರ ಮನೆಯಲ್ಲಿ ಬಾದಾಮಿ ಡಬ್ಬಿ ಇದ್ದೇ ಇರುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿದು, ಮಕ್ಕಳ ಕೈಗೆ ನಾಲ್ಕು ಕೊಡುವುದು ಊರಿಂದ ಬಂದ ರೂಢಿ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ರಾ ಆಲ್ಮಂಡ್ಸ್’ ಅಂತ ಇರುತ್ತದೆ. ಹುರಿದಿಲ್ಲ, ಉಪ್ಪು ಹಾಕಿಲ್ಲ, ನಿಜ. ಆದರೆ ಅದು ಕ್ಯಾಲಿಫೋರ್ನಿಯಾದಲ್ಲಿ ಬೆಳೆದು ಅಮೆರಿಕದ ಅಂಗಡಿಗೆ ಬಂದ ಬಾದಾಮಿಯಾದರೆ ಹಸಿ ಅನ್ನುವ ಹಾಗಿಲ್ಲ. ಹಬೆ ಹಾಯಿಸಿಯೋ, ಅನಿಲ ತುಂಬಿದ ಕೋಣೆಯಲ್ಲಿಟ್ಟೋ ಬ್ಯಾಕ್ಟೀರಿಯಾ ಕೊಂದ ಮೇಲೆಯೇ ಅದು ಚೀಲ ಸೇರಿರುತ್ತದೆ. 2007ರ ಸೆಪ್ಟೆಂಬರ್ 1ರಿಂದ ಇದು ಕಡ್ಡಾಯ. ಹೀಗೆ ಮಾಡಿದ್ದೇವೆ ಅಂತ ಚೀಲದ ಮೇಲೆ ಬರೆಯುವುದು ಮಾತ್ರ ಕಡ್ಡಾಯ ಅಲ್ಲ.

ಊರಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಹಾಲು ಅಂತ ಅಚ್ಚಾಗಿರುತ್ತದೆ. ಅದರಿಂದ ಯಾರಿಗೂ ನಷ್ಟವಾಗಿಲ್ಲ. ಬಾದಾಮಿಗೆ ಯಾಕೆ ಬೇಡ? ಈ ಪ್ರಶ್ನೆ ನಿಮಗೂ ಇದ್ದರೆ ಅದನ್ನು ಎಲ್ಲಿ, ಯಾವಾಗ, ಹೇಗೆ ಕೇಳಬೇಕು ಅನ್ನುವುದಕ್ಕೆ ಈ ಲೇಖನ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ. ಹಬೆ ಹಾಯಿಸಿದ ಬಾದಾಮಿ ತಿನ್ನೋಕೆ ನನಗೆ ಭಯವಿಲ್ಲ. ನನ್ನ ತಕರಾರು ಇರುವುದು ಹೇಳದೆ ಮಾಡುವುದರ ಬಗ್ಗೆ, ಬೇರೆ ಆಯ್ಕೆಯೇ ಇಲ್ಲದ ಹಾಗೆ ಮಾಡುವುದರ ಬಗ್ಗೆ.

ಮೊದಲು ಎದುರು ಪಕ್ಷದ ಮಾತು ಕೇಳಿ

ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ. 2000ದ ಕೊನೆಯಿಂದ 2001ರ ಜುಲೈವರೆಗೆ ಹಸಿ ಬಾದಾಮಿಯಿಂದ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಸೋಂಕು ಹರಡಿತು. ಲ್ಯಾಬ್‌ನಲ್ಲಿ ಖಚಿತವಾದ ಪ್ರಕರಣಗಳೇ 168. ಅದರಲ್ಲಿ ಹೆಚ್ಚಿನವರು ಕೆನಡಾದವರು. ತನಿಖೆಗೆ ಹೋದವರಿಗೆ ಅದೇ ತಳಿಯ ಬ್ಯಾಕ್ಟೀರಿಯಾ ತೋಟದ ಮಣ್ಣಿನಲ್ಲೇ ಸಿಕ್ಕಿತು. 2003–04ರಲ್ಲಿ ಇನ್ನೊಂದು ಸುತ್ತು. ಅಮೆರಿಕದ 12 ರಾಜ್ಯಗಳು ಮತ್ತು ಕೆನಡಾದಲ್ಲಿ 29 ಮಂದಿಗೆ ಕಾಯಿಲೆ ಬಂತು. 2004ರಲ್ಲಿ ಲಕ್ಷಗಟ್ಟಲೆ ಪೌಂಡ್ ಬಾದಾಮಿಯನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಯಂತ್ರದಿಂದ ಮರ ಅಲ್ಲಾಡಿಸಿ ಕಾಯಿ ಉದುರಿಸುತ್ತಾರೆ. ಉದುರಿದ್ದು ನೆಲದ ಮೇಲೆ ಕೆಲವು ದಿನ ಒಣಗುತ್ತದೆ. ಆಮೇಲೆ ಗುಡಿಸಿ ಎತ್ತುತ್ತಾರೆ. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಕಾಯಿಗೆ ಹತ್ತಲು ಇಷ್ಟು ಸಾಕು. ಒಣ ಬೀಜದ ಮೇಲೆ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ‘ಸಾಲ್ಮೊನೆಲ್ಲಾ ಬರೀ ಗುಮ್ಮ’ ಅಂತ ಶುರುವಾಗುವ ಪತ್ರವನ್ನು ಯಾವ ಅಧಿಕಾರಿಯೂ ಎರಡನೇ ಸಾಲಿನವರೆಗೆ ಓದುವುದಿಲ್ಲ.

ನಿಯಮ ಏನು ಹೇಳುತ್ತದೆ

ಇದು ಅಮೆರಿಕದ ಸಂಸತ್ತು ಮಾಡಿದ ಕಾಯ್ದೆ ಅಲ್ಲ. 1937ರ ಕೃಷಿ ಮಾರಾಟ ಒಪ್ಪಂದ ಕಾಯ್ದೆಯ ಅಡಿಯಲ್ಲಿ ಕ್ಯಾಲಿಫೋರ್ನಿಯಾ ಬಾದಾಮಿಗೆ ಒಂದು ಮಾರ್ಕೆಟಿಂಗ್ ಆರ್ಡರ್, ಅಂದರೆ ಬೆಳೆಯ ಮಾರಾಟಕ್ಕೆ ಕಟ್ಟಳೆ ಹಾಕುವ ಆದೇಶ, ಇದೆ. ಅದನ್ನು ನಡೆಸುವುದು ಆಲ್ಮಂಡ್ ಬೋರ್ಡ್ ಆಫ್ ಕ್ಯಾಲಿಫೋರ್ನಿಯಾ. ಹತ್ತು ಸದಸ್ಯರು, ಎಲ್ಲರೂ ಬೆಳೆಗಾರರು ಅಥವಾ ಸಂಸ್ಕರಿಸಿ ಮಾರುವವರು. ಬೋರ್ಡ್ ಶಿಫಾರಸು ಮಾಡುತ್ತದೆ, ಕೃಷಿ ಇಲಾಖೆ, ಅಂದರೆ ಯುಎಸ್‌ಡಿಎ, ಅದನ್ನು ನಿಯಮ ಮಾಡುತ್ತದೆ. ತಿನ್ನುವವರಿಗೆ ಅಲ್ಲಿ ಕುರ್ಚಿ ಇಲ್ಲ.

2006ರ ಡಿಸೆಂಬರ್‌ನಲ್ಲಿ ಕರಡು ಬಂತು. 2007ರ ಮಾರ್ಚ್ ಕೊನೆಗೆ ಅಂತಿಮವಾಯಿತು. ನಿಯಮದ ಹೃದಯ ಒಂದೇ ಮಾತು: ಸಾಲ್ಮೊನೆಲ್ಲಾವನ್ನು ಕನಿಷ್ಠ ‘4 ಲಾಗ್’ ಇಳಿಸಬೇಕು. ಅಂದರೆ 10,000 ಬ್ಯಾಕ್ಟೀರಿಯಾ ಇದ್ದ ಕಡೆ ಒಂದು ಉಳಿಯಬಹುದು, ಅಷ್ಟೆ. ಹೇಗೆ ಇಳಿಸಬೇಕು ಅನ್ನುವುದಕ್ಕೆ ಹಲವು ದಾರಿ ಬಿಟ್ಟಿದ್ದಾರೆ. ಎಣ್ಣೆಯಲ್ಲಿ ಹುರಿಯುವುದು, ಒಣ ಹುರಿಯುವುದು, ಬಿಸಿನೀರಲ್ಲಿ ಅದ್ದಿ ಸಿಪ್ಪೆ ತೆಗೆಯುವುದು, ಹಬೆ, ಮತ್ತೆ ಪ್ರೊಪಿಲೀನ್ ಆಕ್ಸೈಡ್ ಅನ್ನುವ ಅನಿಲ. ಇದನ್ನು ಚಿಕ್ಕದಾಗಿ ಪಿಪಿಒ ಅನ್ನುತ್ತಾರೆ.

ಜಗಳದ ಬಿಸಿ ಜಾಸ್ತಿ ಇರುವುದು ಈ ಪಿಪಿಒ ವಿಷಯದಲ್ಲಿ. ಪಾಲಿಯುರೆಥೇನ್ ಫೋಮ್ ತಯಾರಿಕೆಗೂ ಇದೇ ಬೇಕು. ಅಮೆರಿಕದ ಪರಿಸರ ಸಂಸ್ಥೆಯೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದೇ ಸಂಸ್ಥೆ ಬೀಜಗಳ ಮೇಲೆ 300 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲಿಗೆ 300 ಪಾಲಿನವರೆಗೆ, ಇದರ ಶೇಷ ಇರಬಹುದು ಅಂತಲೂ ಹೇಳಿದೆ. ಐರೋಪ್ಯ ಒಕ್ಕೂಟದಲ್ಲಿ ಆಹಾರಕ್ಕೆ ಇದನ್ನು ಬಳಸುವ ಹಾಗೇ ಇಲ್ಲ. ಪಿಪಿಒ ಹಾಕಿದ ಬಾದಾಮಿಯೂ ಅಮೆರಿಕದ ಅಂಗಡಿಯಲ್ಲಿ ‘ರಾ’ ಹೆಸರಿನಲ್ಲೇ ಕೂತಿರುತ್ತದೆ.

ವಿನಾಯಿತಿಗಳನ್ನೂ ತಿಳಿದುಕೊಳ್ಳಿ, ಮುಂದೆ ಬೇಕಾಗುತ್ತದೆ. ಬೆಳೆಗಾರ ತನ್ನ ತೋಟದ ಬಾದಾಮಿಯನ್ನು ರಸ್ತೆಬದಿ ಅಂಗಡಿಯಲ್ಲೋ ರೈತರ ಸಂತೆಯಲ್ಲೋ ನೇರವಾಗಿ ತಿನ್ನುವವರಿಗೆ ಮಾರಿದರೆ ಸಂಸ್ಕರಿಸಬೇಕಿಲ್ಲ. ಒಬ್ಬರಿಗೆ ದಿನಕ್ಕೆ 100 ಪೌಂಡ್ ಮಿತಿ. ಅಮೆರಿಕ, ಕೆನಡಾ, ಮೆಕ್ಸಿಕೊ ಬಿಟ್ಟು ಬೇರೆ ದೇಶಕ್ಕೆ ಕಳಿಸುವ ಬಾದಾಮಿಗೂ ಕಡ್ಡಾಯವಿಲ್ಲ. ಪೆಟ್ಟಿಗೆಯ ಮೇಲೆ ಪಾಶ್ಚರೀಕರಿಸಿಲ್ಲ ಅಂತ ಬರೆದರೆ ಸಾಕು. ಸಂಸ್ಕರಿಸದೆ ವಿದೇಶಕ್ಕೆ ಹೋಗುವ ಪೆಟ್ಟಿಗೆಗೆ ಬೇಕಾದ ಬರಹ ಊರಿನೊಳಗಿನ ಚೀಲಕ್ಕೆ ಬೇಡ. ವಿಚಿತ್ರ ಅಲ್ವಾ?

ಕೋರ್ಟಿನ ಬಾಗಿಲು ಯಾಕೆ ಮುಚ್ಚಿದೆ

‘ಕೇಸ್ ಹಾಕಿದರೆ ಆಯ್ತಪ್ಪ’ ಅನ್ನುವವರು ಈ ಭಾಗ ನಿಧಾನವಾಗಿ ಓದಿ. ಕೆಳಗಿನ ಹೆಜ್ಜೆಗಳಿಗೆಲ್ಲ ಇದೇ ಬುನಾದಿ.

1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಾಲಿನ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತು. ಹೆಸರು ಬ್ಲಾಕ್ ವರ್ಸಸ್ ಕಮ್ಯುನಿಟಿ ನ್ಯೂಟ್ರಿಷನ್ ಇನ್‌ಸ್ಟಿಟ್ಯೂಟ್. ಇದೇ 1937ರ ಕಾಯ್ದೆಯಡಿ ಬಂದ ಹಾಲಿನ ಆದೇಶವನ್ನು ಗ್ರಾಹಕರು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂತ ಅದು ಹೇಳಿತು. ಹಾಲು ಕುಡಿಯುವವರಿಗೆ ಅನ್ವಯವಾದದ್ದು ಬಾದಾಮಿ ತಿನ್ನುವವರಿಗೂ ಅನ್ವಯವಾಗುತ್ತದೆ.

ಹಾಗಾದರೆ ಬೆಳೆಗಾರರು? ಅವರು ಪ್ರಯತ್ನಪಟ್ಟರು. 2008ರಲ್ಲಿ ಕೆಲವು ಬಾದಾಮಿ ಬೆಳೆಗಾರರು ಮತ್ತು ಸಗಟು ವ್ಯಾಪಾರಿಗಳು ವಾಷಿಂಗ್ಟನ್‌ನಲ್ಲಿ ಕೇಸ್ ಹಾಕಿದರು. ಸಾವಯವ ಕೃಷಿಯ ಪರ ದನಿ ಎತ್ತುವ ವಿಸ್ಕಾನ್ಸಿನ್‌ನ ಕಾರ್ನುಕೋಪಿಯಾ ಇನ್‌ಸ್ಟಿಟ್ಯೂಟ್ ಅವರ ಬೆನ್ನಿಗಿತ್ತು. ಕೊರೆಟಾಫ್ ವರ್ಸಸ್ ವಿಲ್ಸ್ಯಾಕ್ ಅಂತ ಈ ಪ್ರಕರಣ ಹೆಸರಾಯಿತು. ಕಾಯ್ದೆ ಇಲಾಖೆಗೆ ಕೊಟ್ಟಿರುವುದು ಗುಣಮಟ್ಟ ನೋಡುವ ಅಧಿಕಾರ, ಬ್ಯಾಕ್ಟೀರಿಯಾ ಕೊಲ್ಲಿಸುವ ಅಧಿಕಾರ ಅದರಲ್ಲಿ ಬರುವುದಿಲ್ಲ ಅನ್ನುವುದು ಅವರ ಮುಖ್ಯ ವಾದ. ಕೆಳಗಿನ ಕೋರ್ಟ್ ಮೊದಲು ಬಾಗಿಲಲ್ಲೇ ವಾಪಸ್ ಕಳಿಸಿತು. 2010ರ ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟ್, ಬೆಳೆಗಾರರು ಪ್ರಶ್ನಿಸಬಹುದು ಅಂದಿತು. ಆಗ ಆಸೆ ಚಿಗುರಿತು. ಆದರೆ 2013ರ ಫೆಬ್ರವರಿಯಲ್ಲಿ ಅದೇ ಮೇಲ್ಮನವಿ ಕೋರ್ಟಿನಲ್ಲಿ ಅವರು ಸೋತರು.

ಸೋತದ್ದು ಯಾಕೆ? ವಾದ ತಪ್ಪು ಅಂತ ಕೋರ್ಟ್ ಹೇಳಲಿಲ್ಲ. ಕರಡಿಗೆ ಅಭಿಪ್ರಾಯ ಕೇಳಿದಾಗ ಈ ವಾದವನ್ನು ಇಲಾಖೆಯ ಮುಂದೆ ಇಡಲಿಲ್ಲ, ಈಗ ಬಂದು ಹೇಳಿದರೆ ಕೇಳುವುದಿಲ್ಲ ಅಂದಿತು. ಐದು ವರ್ಷ ಕೋರ್ಟು ಅಲೆದ ಮೇಲೆ ಸಿಕ್ಕ ಉತ್ತರ ಇದು.

2006–07ರ ಚಳಿಗಾಲದಲ್ಲಿ, ಕ್ರಿಸ್‌ಮಸ್ ರಜೆಯ ಆಸುಪಾಸಿನಲ್ಲಿ, ಅಭಿಪ್ರಾಯದ ಅವಧಿ ತೆರೆದು ಮುಚ್ಚಿಹೋಗಿತ್ತು. ಬಂದ ಅಭಿಪ್ರಾಯಗಳು 18 ಮಾತ್ರ, ಅವೂ ಬಾದಾಮಿ ಉದ್ಯಮದಿಂದಲೇ ಅಂತ ಕಾರ್ನುಕೋಪಿಯಾ ಆಮೇಲೆ ದೂರಿತು. ತಿನ್ನುವವರಿಗೆ ಸುದ್ದಿ ಮುಟ್ಟಿದ್ದು ನಿಯಮ ಜಾರಿಯಾಗುವ ಹೊತ್ತಿಗೆ.

ಹಾಗಾಗಿ ಗ್ರಾಹಕರ ಕೈಯಲ್ಲಿ ಇರುವ ಆಯುಧ ಅಂದರೆ ಕಡತ. ನಿಮ್ಮ ಮಾತು ಸರಿಯಾದ ಸಮಯದಲ್ಲಿ, ಸರಿಯಾದ ಕಡತದಲ್ಲಿ, ಬರವಣಿಗೆಯಲ್ಲಿ ಇರಬೇಕು. ನೀವು ಬರೆದದ್ದನ್ನು ನಾಳೆ ಬೇರೆ ಯಾರೋ ಬೆಳೆಗಾರ ಕೋರ್ಟಿನಲ್ಲಿ ತೋರಿಸಬಹುದು.

ಹೆಜ್ಜೆ 1: ನೀವು ತಿನ್ನುತ್ತಿರುವುದು ಯಾವುದು ಅಂತ ಪತ್ತೆ ಮಾಡಿ

ಪತ್ರ ಬರೆಯುವ ಮುಂಚೆ ಮನೆಯಲ್ಲಿರುವ ಚೀಲ ತಿರುಗಿಸಿ ನೋಡಿ. ಎಲ್ಲಿ ಬೆಳೆದದ್ದು ಅಂತ ಇದೆಯಾ? ಕ್ಯಾಲಿಫೋರ್ನಿಯಾ ಅಥವಾ ಅಮೆರಿಕ ಅಂತ ಇದ್ದರೆ ಸಂಸ್ಕರಿಸಿದ್ದೇ. ಕೆಲವು ಕಂಪನಿಗಳು ತಾವಾಗಿಯೇ ‘ಸ್ಟೀಮ್ ಪಾಶ್ಚರೈಸ್ಡ್’ ಅಂತ ಬರೆಯುತ್ತವೆ. ಬರೆಯದಿದ್ದರೆ ಹಬೆಯೋ ಪಿಪಿಒ ಅನಿಲವೋ ಹೊರಗಿನಿಂದ ಗೊತ್ತಾಗುವುದಿಲ್ಲ.

ಸುಲಭದ ದಾರಿ ಒಂದಿದೆ. ಯುಎಸ್‌ಡಿಎ ಆರ್ಗ್ಯಾನಿಕ್ ಮುದ್ರೆ ಇರುವ ಬಾದಾಮಿಗೆ ಪಿಪಿಒ ಬಳಸುವಂತಿಲ್ಲ. ಹಬೆ ಅಥವಾ ಬಿಸಿಯೇ ಆಗಬೇಕು. ಅನಿಲ ಬೇಡ, ಹಬೆ ಪರವಾಗಿಲ್ಲ ಅನ್ನುವವರು ಆರ್ಗ್ಯಾನಿಕ್ ಕೊಂಡರೆ ಅರ್ಧ ಚಿಂತೆ ಮುಗಿಯಿತು. ಬೆಲೆ ಜಾಸ್ತಿ, ಅದೊಂದು ಕಷ್ಟ.

ಪೂರ್ತಿ ಹಸಿಯೇ ಬೇಕು ಅನ್ನುವವರಿಗೆ ಎರಡು ಕಡೆ ಸಿಗುತ್ತದೆ. ಒಂದು, ರೈತರ ಸಂತೆ. ಬೇ ಏರಿಯಾದ ಸಂತೆಗಳಿಗೆ ಮೊಡೆಸ್ಟೊ, ಫ್ರೆಸ್ನೊ ಕಡೆಯ ಕಣಿವೆಯ ಬೆಳೆಗಾರರು ಬರುತ್ತಾರೆ. ‘ಇದು ನಿಮ್ಮದೇ ತೋಟದ್ದಾ, ಪಾಶ್ಚರೈಸ್ ಮಾಡಿದ್ದೀರಾ’ ಅಂತ ನೇರವಾಗಿ ಕೇಳಿ. ಬೇರೆಯವರಿಂದ ತಂದು ಮಾರುವವರಿಗೆ ವಿನಾಯಿತಿ ಇಲ್ಲ. ಎರಡು, ಸ್ಪೇನ್ ಅಥವಾ ಇಟಲಿಯ ಬಾದಾಮಿ. ಹೊರಗಿನಿಂದ ಬಂದದ್ದಕ್ಕೆ ಕ್ಯಾಲಿಫೋರ್ನಿಯಾದ ಆದೇಶ ಅನ್ವಯಿಸುವುದಿಲ್ಲ. ಆದರೆ ಆ ಕಡೆಯ ಸರಕಿನಲ್ಲಿ ಅಲ್ಲೊಂದು ಇಲ್ಲೊಂದು ಕಹಿ ಬಾದಾಮಿ ಸೇರಿಕೊಂಡಿರಬಹುದು. ಕಹಿ ಬಾದಾಮಿ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಕಹಿ ಅನ್ನಿಸಿದರೆ ಉಗಿದುಬಿಡಿ, ಮಕ್ಕಳಿಗೂ ಹೇಳಿಕೊಡಿ.

ಗೋಡಂಬಿಯ ಮಾತು ಬೇರೆ. ಅಂಗಡಿಯ ಗೋಡಂಬಿ ಎಂದೂ ಹಸಿ ಅಲ್ಲ. ಗೇರುಬೀಜದ ಸಿಪ್ಪೆಯೊಳಗೆ ಕೈ ಸುಡುವ ಎಣ್ಣೆ ಇರುತ್ತದೆ. ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಕಾರ್ಖಾನೆಗಳಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿದ ಮೇಲೆಯೇ ಒಡೆಯುತ್ತಾರೆ. ಕರಾವಳಿಯವರಿಗೆ ಇದು ಹೊಸ ಸುದ್ದಿ ಏನಲ್ಲ. ಆದ್ದರಿಂದ ನಿಮ್ಮ ಪತ್ರದಲ್ಲಿ ‘ಎಲ್ಲ ರಾ ಬೀಜಗಳು’ ಅಂತ ಬರೆಯಬೇಡಿ. ಬಾದಾಮಿ ಅಂತ ಮಾತ್ರ ಬರೆಯಿರಿ.

ಹೆಜ್ಜೆ 2: ನಿಮಗೆ ಬೇಕಾದ್ದು ಏನು ಅಂತ ತೀರ್ಮಾನಿಸಿ

ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಸಿಗುವುದಿಲ್ಲ. ನಾಲ್ಕು ಬೇಡಿಕೆಗಳು ಸಾಧ್ಯ: ಕಡ್ಡಾಯವನ್ನೇ ತೆಗೆಯಿರಿ, ಪಿಪಿಒ ಒಂದನ್ನು ಪಟ್ಟಿಯಿಂದ ಬಿಡಿ, ಸಂಸ್ಕರಿಸಿದ್ದನ್ನು ಚೀಲದ ಮೇಲೆ ಬರೆಸಿ, ಸಣ್ಣ ಬೆಳೆಗಾರರ ವಿನಾಯಿತಿ ಹಿಗ್ಗಿಸಿ ಎಚ್ಚರಿಕೆಯ ಚೀಟಿ ಅಂಟಿಸಿ ಅಂಗಡಿಗೂ ಮಾರಲು ಬಿಡಿ.

ಮೊದಲನೆಯದು ಇವತ್ತಿಗೆ ತುಂಬಾ ಕಷ್ಟ. 2011ರ ಜನವರಿಯಲ್ಲಿ ಅಮೆರಿಕದಲ್ಲಿ ಆಹಾರ ಸುರಕ್ಷತೆ ಆಧುನೀಕರಣ ಕಾಯ್ದೆ ಬಂತು. ಆಹಾರದಲ್ಲಿ ಅಪಾಯ ಎಲ್ಲಿ ಬರುತ್ತದೆ ಅಂತ ಮೊದಲೇ ಗುರುತಿಸಿ ತಡೆಯುವ ಜವಾಬ್ದಾರಿಯನ್ನು ಅದು ಸಂಸ್ಕರಣಾ ಘಟಕಗಳ ಮೇಲೆ ಹಾಕಿತು. ಬಾದಾಮಿ ನಿಯಮ ನಾಳೆಯೇ ರದ್ದಾದರೂ ದೊಡ್ಡ ಕಂಪನಿಗಳು ಹಬೆ ಯಂತ್ರ ಆರಿಸಿಬಿಡುವುದಿಲ್ಲ.

ಮೂರನೆಯದು, ಅಂದರೆ ಚೀಲದ ಬರಹ, ನನ್ನ ಪ್ರಕಾರ ಗೆಲ್ಲಬಹುದಾದ ಬೇಡಿಕೆ. ಅದಕ್ಕೆ ಪೂರ್ವನಿದರ್ಶನವೂ ಇದೆ. ವಿಕಿರಣ ಹಾಯಿಸಿದ ಆಹಾರಕ್ಕೆ ಅಮೆರಿಕದಲ್ಲಿ ರಾಡುರಾ ಅನ್ನುವ ಗುರುತು ಹಾಕಲೇಬೇಕು. ಬ್ಯಾಕ್ಟೀರಿಯಾ ಕೊಲ್ಲಲು ವಿಕಿರಣ ಬಳಸಿದರೆ ಹೇಳಬೇಕು, ಅನಿಲ ಬಳಸಿದರೆ ಹೇಳಬೇಕಿಲ್ಲ ಅನ್ನುವುದಕ್ಕೆ ಉತ್ತರ ಕೊಡುವುದು ಇಲಾಖೆಗೂ ಕಷ್ಟ.

ಹೆಜ್ಜೆ 3: ಕಡತ ತೆರೆಯುವ ದಿನಕ್ಕೆ ಕಾದಿರಿ, ಇಲ್ಲವೇ ನೀವೇ ತೆರೆಸಿ

ಅಮೆರಿಕದ ಕೇಂದ್ರ ಇಲಾಖೆಗಳ ಕರಡುಗಳು ಫೆಡರಲ್ ರಿಜಿಸ್ಟರ್‌ನಲ್ಲಿ ಬರುತ್ತವೆ. ಅಭಿಪ್ರಾಯ ಹಾಕುವ ಜಾಗ ರೆಗ್ಯುಲೇಷನ್ಸ್ ಡಾಟ್ ಗವ್. ಅಲ್ಲಿ ‘ಆಲ್ಮಂಡ್ಸ್ ಗ್ರೋನ್ ಇನ್ ಕ್ಯಾಲಿಫೋರ್ನಿಯಾ’ ಅಂತ ಹುಡುಕಿ. ಆದೇಶದ ಹೆಸರೇ ಅದು, ಸಂಖ್ಯೆ 981. ಫೆಡರಲ್ ರಿಜಿಸ್ಟರ್‌ನಲ್ಲಿ ಇದೇ ಪದಗಳಿಗೆ ಇಮೇಲ್ ಎಚ್ಚರಿಕೆ ಹಾಕಿಡಿ. ಹೊಸ ಕರಡು ಬಂದ ದಿನ ನಿಮಗೆ ಸುದ್ದಿ ಬರುತ್ತದೆ. ಗಡುವಿನ ತಾರೀಕನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಅವಧಿ ಮುಗಿದ ಮರುದಿನ ಬಂದ ಪತ್ರಕ್ಕೆ ಬೆಲೆ ಇಲ್ಲ.

ಕರಡು ಬರುವವರೆಗೆ ಕೈಕಟ್ಟಿ ಕೂರಬೇಕಾ? ಬೇಡ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆ ಆಸಕ್ತರಾದ ಯಾರೇ ಆಗಲಿ ‘ಈ ನಿಯಮ ತಿದ್ದಿ, ಇದನ್ನು ರದ್ದು ಮಾಡಿ’ ಅಂತ ಇಲಾಖೆಗೆ ಅರ್ಜಿ ಕೊಡಬಹುದು ಅನ್ನುತ್ತದೆ. ಪಿಪಿಒ ತೆಗೆಯಿರಿ ಅಂತಿದ್ದರೆ ಅರ್ಜಿ ಯುಎಸ್‌ಡಿಎಗೆ.

ಚೀಲದ ಬರಹ ಮಾತ್ರ ಯುಎಸ್‌ಡಿಎ ಕೈಯಲ್ಲಿಲ್ಲ. ಅದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ, ಅಂದರೆ ಎಫ್‌ಡಿಎ, ವ್ಯಾಪ್ತಿ. ತುಂಬಾ ಜನ ಎಡವುವುದು ಇಲ್ಲೇ. ಸರಿಯಾದ ಬೇಡಿಕೆಯನ್ನು ತಪ್ಪು ಇಲಾಖೆಗೆ ಕಳಿಸಿ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವ ಎರಡು ಸಾಲು ಉತ್ತರ ಪಡೆಯುತ್ತಾರೆ. ಎಫ್‌ಡಿಎಗೆ ಕೊಡುವುದನ್ನು ಸಿಟಿಜನ್ ಪಿಟಿಷನ್ ಅನ್ನುತ್ತಾರೆ. ಹೆಸರಿನಲ್ಲಿ ಸಿಟಿಜನ್ ಇದ್ದರೂ ಪೌರತ್ವ ಬೇಕಿಲ್ಲ. 180 ದಿನದಲ್ಲಿ ಅವರು ಏನಾದರೊಂದು ಉತ್ತರ ಕೊಡಬೇಕು. ‘ಇನ್ನೂ ಪರಿಶೀಲಿಸುತ್ತಿದ್ದೇವೆ’ ಅನ್ನುವುದೂ ಉತ್ತರವೇ, ಬೇಸರ ಮಾಡಿಕೊಳ್ಳಬೇಡಿ. ಎಫ್‌ಡಿಎ ನಿಯಮ 101.95ರಲ್ಲಿ ‘ಫ್ರೆಶ್’ ಅಂತ ಯಾವಾಗ ಬರೆಯಬಹುದು, ಬಿಸಿ ಮಾಡಿ ಸಂಸ್ಕರಿಸಿದ್ದಕ್ಕೆ ಯಾಕೆ ಬರೆಯುವಂತಿಲ್ಲ ಅಂತ ವಿವರವಾಗಿದೆ. ಅದನ್ನೇ ಮುಂದಿಟ್ಟು, ಬಾದಾಮಿ ಚೀಲದ ‘ರಾ’ಗೂ ಇಂಥದ್ದೇ ಕಟ್ಟು ಹಾಕಿ ಅಂತ ಕೇಳಿ.

ಎಚ್‌1ಬಿ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ‘ನಮಗ್ಯಾಕೆ ಸರ್ಕಾರದ ಸಹವಾಸ’ ಅಂತ ಹಿಂಜರಿಯುವುದನ್ನು ನೋಡಿದ್ದೇನೆ. ಕರಡಿಗೆ ಅಭಿಪ್ರಾಯ ಹಾಕಲು ಪೌರತ್ವ ಕೇಳುವುದಿಲ್ಲ. ಬೇಕಿದ್ದರೆ ಹೆಸರು ಹಾಕದೆಯೂ ಕಳಿಸಬಹುದು. ಹೆಸರಿದ್ದರೆ ಭಾರ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಏನೇ ಆದರೂ ಫೋನ್ ನಂಬರು, ಮನೆ ವಿಳಾಸ ಪತ್ರದೊಳಗೆ ಬರೆಯಬೇಡಿ. ಇಡೀ ಜಗತ್ತು ಓದುವ ಹಾಗೆ ಅದು ಪ್ರಕಟವಾಗುತ್ತದೆ.

ಹೆಜ್ಜೆ 4: ಪತ್ರ ಬರೆಯುವುದು

ಒಂದೇ ಒಕ್ಕಣೆಯ ಪತ್ರವನ್ನು ನೂರು ಜನ ಕಳಿಸಿದರೆ ಇಲಾಖೆ ಅದನ್ನು ಒಂದು ಕಟ್ಟು ಮಾಡಿ ಒಂದೇ ಉತ್ತರ ಕೊಡುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಹಾಗೇ ಅಂಟಿಸಬೇಡಿ. ನಿಮ್ಮದೇ ಒಂದು ಪುಟ ಸಾಕು.

ಇಂಗ್ಲಿಷಿನಲ್ಲಿ ಬರೆಯಬೇಕು, ಆದರೆ ಹುರುಳು ಹೀಗಿರಲಿ. ಮೊದಲ ಪ್ಯಾರಾದಲ್ಲಿ ನೀವು ಯಾರು ಅಂತ ಹೇಳಿ. ‘ನಾನು ಸಸ್ಯಾಹಾರಿ ಕುಟುಂಬದವಳು. ನಮ್ಮ ಮನೆಯಲ್ಲಿ ಬಾದಾಮಿ ಪ್ರತಿದಿನದ ಆಹಾರ. ಆರು ವರ್ಷದ ಮಗುವೂ ತಿನ್ನುತ್ತದೆ. ಚೀಲ ನೋಡಿ ಅದಕ್ಕೆ ಯಾವ ಸಂಸ್ಕರಣೆ ಆಗಿದೆ ಅಂತ ತಿಳಿಯಲು ನನಗೆ ದಾರಿಯಿಲ್ಲ.’ ಇಷ್ಟು ಬರೆದರೆ ನಿಮ್ಮ ಮೇಲೆ ನಿಯಮದ ಪರಿಣಾಮ ಏನು ಅಂತ ದಾಖಲಾಯಿತು.

ಎರಡನೆಯದರಲ್ಲಿ ಒಪ್ಪುವುದನ್ನು ಒಪ್ಪಿ. ‘2001 ಮತ್ತು 2004ರ ಸೋಂಕು ನಿಜ. 4 ಲಾಗ್ ಗುರಿಯ ಬಗ್ಗೆ ನನ್ನ ತಕರಾರಿಲ್ಲ.’

ಮೂರನೆಯದರಲ್ಲಿ ಬೇಡಿಕೆ, ಒಂದೇ ವಾಕ್ಯದಲ್ಲಿ. ‘ಹಬೆ ಮತ್ತು ಬಿಸಿನೀರಿನಿಂದ ಇದೇ ಗುರಿ ಮುಟ್ಟಬಹುದಾದ್ದರಿಂದ ಒಪ್ಪಿಗೆ ಪಡೆದ ವಿಧಾನಗಳಿಂದ ಪ್ರೊಪಿಲೀನ್ ಆಕ್ಸೈಡ್ ತೆಗೆಯಬೇಕು.’ ಅದರ ಕೆಳಗೆ ಕಾರಣ: ಆರ್ಗ್ಯಾನಿಕ್ ಬಾದಾಮಿ ಈಗಾಗಲೇ ಅದಿಲ್ಲದೆ ಮಾರಾಟವಾಗುತ್ತಿದೆ, ಐರೋಪ್ಯ ಒಕ್ಕೂಟ ಅದನ್ನು ಒಪ್ಪುವುದಿಲ್ಲ, ಪರಿಸರ ಸಂಸ್ಥೆಯ ವರ್ಗೀಕರಣ ಹೀಗಿದೆ.

ಕೊನೆಗೆ ಕಾನೂನಿನ ಮಾತು. ಬೆಳೆಗಾರರ ಕೇಸು ಮುಗ್ಗರಿಸಿದ್ದು ಇದು ಇಲ್ಲದೇ ಇದ್ದದ್ದಕ್ಕೆ. ‘1937ರ ಕಾಯ್ದೆ ಈ ಬಗೆಯ ಸಂಸ್ಕರಣೆಯನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಇಲಾಖೆಗೆ ಕೊಟ್ಟಿಲ್ಲ ಅನ್ನುವ ಆಕ್ಷೇಪವನ್ನು ದಾಖಲಿಸುತ್ತಿದ್ದೇನೆ.’ ವಕೀಲರ ಹಾಗೆ ವಾದ ಮಂಡಿಸಬೇಕಿಲ್ಲ. ಆಕ್ಷೇಪ ಯಾವುದು ಅಂತ ಸ್ಪಷ್ಟವಾಗಿ ಬಂದರೆ ಸಾಕು. ಪತ್ರದಲ್ಲಿ ಜಾಗ ಕಮ್ಮಿಯಾದರೆ ಬೇರೆ ಏನಾದರೂ ಕತ್ತರಿಸಿ, ಇದನ್ನಲ್ಲ.

ಏನು ಬರೆಯಬಾರದು? ‘ಹಬೆ ಹಾಯಿಸಿದರೆ ಕಿಣ್ವ ಸಾಯುತ್ತದೆ, ಪ್ರಾಣಶಕ್ತಿ ಹೋಗುತ್ತದೆ’ ಅನ್ನುವ ವಾದವನ್ನು ಮುಂದಿಡಬೇಡಿ. ಪೋಷಕಾಂಶದಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ ಅಂತ ಬೋರ್ಡ್ ಹೇಳುತ್ತಲೇ ಬಂದಿದೆ. ಅದನ್ನು ಒಂದು ಪುಟದ ಪತ್ರದಲ್ಲಿ ಅಲ್ಲಗಳೆಯಲು ಆಗುವುದಿಲ್ಲ. ಚಳವಳಿಯವರಲ್ಲಿ ಅನೇಕರು ಇದನ್ನೇ ಹಿಡಿದು ಕೂತರು. ಅದರಿಂದ ಇಡೀ ತಕರಾರು ಆಹಾರದ ಫ್ಯಾಷನ್ ಅಂತ ತಳ್ಳಿಹಾಕುವುದು ಸುಲಭವಾಯಿತು. ನಿಮ್ಮ ನಂಬಿಕೆ ನಿಮ್ಮದು, ಮನೆಯಲ್ಲಿರಲಿ.

ಕಳಿಸಿದ ಮೇಲೆ ಒಂದು ಟ್ರ್ಯಾಕಿಂಗ್ ಸಂಖ್ಯೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಪತ್ರದ ಪ್ರತಿಯ ಜೊತೆ ಇಟ್ಟುಕೊಳ್ಳಿ.

ಹೆಜ್ಜೆ 5: ಉಳಿದ ಬಾಗಿಲುಗಳು

ಆಲ್ಮಂಡ್ ಬೋರ್ಡ್ ಸಭೆಗಳಿಗೆ ಸಾರ್ವಜನಿಕರು ಹೋಗಬಹುದು. ನಿಯಮದ ಬೀಜ ಬೀಳುವುದು ಅಲ್ಲೇ ಆದ್ದರಿಂದ ಕರಡು ಬರುವ ತಿಂಗಳುಗಳ ಮುಂಚೆಯೇ ಗಾಳಿ ಯಾವ ಕಡೆ ಅಂತ ತಿಳಿಯುತ್ತದೆ.

ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೆ ಬರೆಯಿರಿ. ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು, ಮತ ಇರಬೇಕಂತಿಲ್ಲ. ಅವರ ಕಚೇರಿಯಿಂದ ಇಲಾಖೆಗೆ ಒಂದು ವಿಚಾರಣೆಯ ಪತ್ರ ಹೋದರೆ ಉತ್ತರ ಬೇಗ ಬರುತ್ತದೆ.

ಅಂಗಡಿ ಮತ್ತು ಕಂಪನಿಗಳಿಗೆ ಬರೆಯುವುದನ್ನು ಮಾತ್ರ ಕಡೆಗಣಿಸಬೇಡಿ. ಪ್ರಶ್ನೆ ಒಂದೇ ಇರಲಿ: ‘ಈ ಲಾಟ್ ಸಂಖ್ಯೆಯ ಬಾದಾಮಿಗೆ ಹಬೆ ಬಳಸಿದ್ದೀರಾ, ಪಿಪಿಒ ಬಳಸಿದ್ದೀರಾ?’ ಲಾಟ್ ಸಂಖ್ಯೆ ಚೀಲದ ಹಿಂಬದಿಯಲ್ಲಿ, ಬೆಸ್ಟ್ ಬಿಫೋರ್ ತಾರೀಕಿನ ಪಕ್ಕ ಇರುತ್ತದೆ. ಅದನ್ನು ಹಾಕಿ ಕೇಳಿದರೆ ‘ನಮ್ಮ ಎಲ್ಲ ಉತ್ಪನ್ನಗಳು ಸುರಕ್ಷಿತ’ ಅನ್ನುವ ಸಿದ್ಧ ಉತ್ತರ ಕೊಟ್ಟು ಜಾರಿಕೊಳ್ಳುವುದು ಕಷ್ಟ. ತಾವಾಗಿಯೇ ‘ಸ್ಟೀಮ್’ ಅಂತ ಬರೆಯುವ ಕಂಪನಿಗಳು ಅದನ್ನು ಮಾಡುತ್ತಿರುವುದು ಕೊಳ್ಳುವವರು ಕೇಳುತ್ತಾರೆ ಅಂತಲೇ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ

ಕ್ಯಾಲಿಫೋರ್ನಿಯಾ ಬಾದಾಮಿಯನ್ನು ಹೊರದೇಶಗಳಲ್ಲಿ ಅತಿ ಹೆಚ್ಚು ಕೊಳ್ಳುವುದು ಭಾರತ. ಬಹುಪಾಲು ಗಟ್ಟಿ ಚಿಪ್ಪಿನ ಸಮೇತ ಬರುತ್ತದೆ, ಇಲ್ಲಿ ಒಡೆಯುತ್ತಾರೆ. ದೆಹಲಿಯ ಕರಾವಲ್ ನಗರದಲ್ಲಿ ಈ ಕೆಲಸವನ್ನೇ ನಂಬಿದ ಕುಟುಂಬಗಳಿವೆ. ಬಾದಾಮಿ ಒಡೆಯುವ ಕಾರ್ಮಿಕರು 2009ರ ಡಿಸೆಂಬರ್‌ನಲ್ಲಿ ಅಲ್ಲಿ ಮುಷ್ಕರವನ್ನೂ ಮಾಡಿದ್ದರು.

ಅಮೆರಿಕದ ಕಡ್ಡಾಯ ಭಾರತಕ್ಕೆ ಬರುವ ಸರಕಿಗೆ ಇಲ್ಲ ಅಂತ ಮೇಲೆ ಓದಿದಿರಿ. ಅಂದರೆ ಬೆಂಗಳೂರಿನ ರಸೆಲ್ ಮಾರ್ಕೆಟ್‌ನಲ್ಲಿ ನೀವು ಕೊಳ್ಳುವ ಬಾದಾಮಿ, ಸ್ಯಾನ್ ಹೋಸೆಯ ನಿಮ್ಮ ತಂಗಿ ಕೊಳ್ಳುವುದಕ್ಕಿಂತ ಹೆಚ್ಚು ಹಸಿ ಇರುವ ಸಾಧ್ಯತೆ ಜಾಸ್ತಿ. ಇಲ್ಲಿ ನಿಮ್ಮ ಸಮಸ್ಯೆ ತದ್ವಿರುದ್ಧ: ಬ್ಯಾಕ್ಟೀರಿಯಾವನ್ನು ನೀವೇ ನೋಡಿಕೊಳ್ಳಬೇಕು.

ನೆನೆಹಾಕಿದ ಬಾದಾಮಿಯನ್ನು ರಾತ್ರಿಯಿಡೀ ಅಡುಗೆಕಟ್ಟೆಯ ಮೇಲೆ ಬಿಡಬೇಡಿ. ಒಣಗಿದ್ದಾಗ ಸುಮ್ಮನಿದ್ದ ಬ್ಯಾಕ್ಟೀರಿಯಾಕ್ಕೆ ನೀರು, ಬೆಚ್ಚಗಿನ ಜಾಗ ಎರಡೂ ಸಿಕ್ಕರೆ ಬೆಳೆಯಲು ಶುರುಮಾಡುತ್ತದೆ. ಫ್ರಿಜ್‌ನಲ್ಲಿಟ್ಟು ನೆನೆಸಿ, ನೀರು ಚೆಲ್ಲಿ, ತೊಳೆದು ತಿನ್ನಿ. ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಬಿಸಿನೀರಿನ ದಾರಿ ಹಿಡಿಯಿರಿ. ಕಾರ್ಖಾನೆಗಳಿಗೆ ಕೊಟ್ಟ ಲೆಕ್ಕದ ಪ್ರಕಾರ 88 ಡಿಗ್ರಿ ನೀರಿನಲ್ಲಿ 2 ನಿಮಿಷ ಇದ್ದರೆ ಬೇಕಾದ ಮಟ್ಟಿಗೆ ಸಾಲ್ಮೊನೆಲ್ಲಾ ಸಾಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಅಷ್ಟು ಧಾರಾಳವಾಯಿತು. ಬಾದಾಮಿ ಹಾಕಿದ ತಕ್ಷಣ ನೀರು ತಣ್ಣಗಾಗುತ್ತದೆ. ಒಲೆ ಆರಿಸದೆ, ಮತ್ತೆ ಗುಳ್ಳೆ ಬರಲು ಶುರುವಾದಾಗಿನಿಂದ 2 ನಿಮಿಷ ಎಣಿಸಿ. ಸಿಪ್ಪೆಯೂ ಬೆರಳಿಗೆ ಜಾರಿ ಬರುತ್ತದೆ. ಚೆನ್ನಾಗಿ ಕುದಿಸಿದ ಬಾದಾಮಿ ಹಾಲಿಗೆ ಈ ಯೋಚನೆಯೇ ಬೇಡ.

ಮುಂದೆ ಇಲ್ಲೂ ಇಂಥ ನಿಯಮದ ಕರಡು ಬಂದರೆ? ಭಾರತದಲ್ಲಿ ಆ ಕೆಲಸ ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ, ಕೈಯಲ್ಲಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ನಿಯಮಾವಳಿಯನ್ನು ಮೊದಲು ಕರಡಾಗಿ ಪ್ರಕಟಿಸಬೇಕು. ಆಕ್ಷೇಪಣೆಗೆ ಎಷ್ಟು ದಿನ ಅಂತ ಆ ಕರಡಿನಲ್ಲೇ ಇರುತ್ತದೆ. ಅದರ ಜೊತೆ ನಮೂನೆ ಕೊಟ್ಟಿದ್ದರೆ ಅದರಲ್ಲೇ ತುಂಬಿ. ಯಾವ ಉಪನಿಯಮ, ಏನು ಬದಲಾವಣೆ, ಯಾಕೆ ಅಂತ ಬಿಡಿಬಿಡಿಯಾಗಿ ಬರೆಯಿರಿ. ಆಮೇಲೆ ನಿಮ್ಮ ಆಕ್ಷೇಪಣೆ ಏನಾಯಿತು ಅಂತ ತಿಳಿಯಲು ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ ₹10, ಉತ್ತರಕ್ಕೆ 30 ದಿನ.

ಕೊಂಡ ಬಾದಾಮಿಯ ಮೇಲೆಯೇ ಅನುಮಾನ ಬಂದರೆ ಅದೇ ಕಾಯ್ದೆಯ 40ನೇ ಸೆಕ್ಷನ್ ನೋಡಿ. ಗ್ರಾಹಕರೂ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಅಂತ ತಿಳಿಸಬೇಕು. ಬಿಲ್ ಕೇಳಿ ತೆಗೆದುಕೊಳ್ಳಿ, ಪ್ಯಾಕೆಟ್ ಒಡೆಯಬೇಡಿ. ಕಾಯ್ದೆಗೆ ವಿರುದ್ಧವಾಗಿದೆ ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.